ಕಾವಲುಗಾರನನ್ನು ಸಾಕ್ಷಿಗೆ ಕರೆಯಬೇಡಿ

(ದ್ರವ ಸಾರಜನಕದ ಟ್ಯಾಂಕಿನೊಂದಿಗೆ ಕಾಲ್ಪನಿಕ ಸಂದರ್ಶನ)

ಪ್ರಶ್ನೆ: ಮೈನಸ್ 196 ಡಿಗ್ರಿಯಲ್ಲಿ ಜೀವಕೋಶಗಳನ್ನು ದಶಕಗಟ್ಟಲೆ ಕಾಯುತ್ತೀರಿ. ವಿಜ್ಞಾನಕ್ಕೆ ತಮಗಿಂತ ನಂಬಿಗಸ್ತರು ಯಾರಿದ್ದಾರೆ?

ಟ್ಯಾಂಕ್: ನಾನು ಕಾವಲುಗಾರ, ಸಾಕ್ಷಿಯಲ್ಲ. ಕೋಶದೊಳಗೆ ನೀರು ಮಂಜಿನ ಹರಳಾದರೆ ಕೋಶ ಸೀಳಿಹೋಗುತ್ತದೆ. ಆ ಕೇಡಿಗೆ ಮದ್ದಾಗಿ 1949ರಲ್ಲಿ ಪೋಲ್ಜ್, ಸ್ಮಿತ್, ಪಾರ್ಕ್ಸ್ ಎಂಬ ವಿಜ್ಞಾನಿಗಳು ಗ್ಲಿಸರಾಲನ್ನು ಕಂಡುಕೊಂಡರು. ಹತ್ತು ವರ್ಷದ ಮೇಲೆ ಲವ್‌ಲಾಕ್ ಮತ್ತು ಬಿಷಪ್ ಅದೇ ಕೆಲಸಕ್ಕೆ ಡಿಎಂಎಸ್‌ಒ ಎಂಬ ಇನ್ನೊಂದು ದ್ರವ ತಂದರು. ಈಗ ನಿಮಿಷಕ್ಕೆ ಸುಮಾರು ಒಂದು ಡಿಗ್ರಿಯಂತೆ ನಿಧಾನಕ್ಕೆ ತಣಿಸುತ್ತೀರಿ, ಕರಗಿಸುವಾಗ 37 ಡಿಗ್ರಿಯ ನೀರಿಗಿಟ್ಟು ಅವಸರ ಮಾಡುತ್ತೀರಿ. ಇಷ್ಟೆಲ್ಲ ಉಪಚಾರ ಕೋಶ ಬದುಕಲಿ ಎಂದು. ಅದು ಯಾರ ಕೋಶ ಎಂಬುದಕ್ಕೆ ಮಾತ್ರ ಒಂದು ಚೀಟಿ, ಅದರ ಮೇಲೆ ಮಾರ್ಕರ್ ಪೆನ್ನಿನ ಗೀಚು!

ಪ್ರಶ್ನೆ: ಚೀಟಿಯ ಮೇಲೆ ಇಷ್ಟು ಗುಮಾನಿ ಏಕೆ?

ಟ್ಯಾಂಕ್: 1966ರಲ್ಲಿ ಅಮೆರಿಕದ ತಳಿವಿಜ್ಞಾನಿ ಸ್ಟ್ಯಾನ್ಲಿ ಗಾರ್ಟ್ಲರ್ ಪ್ರಯೋಗಾಲಯಗಳಲ್ಲಿ ಬೆಳೆಸುತ್ತಿದ್ದ 18 ಕೋಶವಂಶಗಳನ್ನು ಪರೀಕ್ಷಿಸಿದರು. ಬೇರೆ ಬೇರೆ ಜನರವು ಎಂದು ಹೆಸರಿದ್ದ ಅವುಗಳಲ್ಲೆಲ್ಲ ಒಂದೇ ಕಿಣ್ವದ ಗುರುತು ಸಿಕ್ಕಿತು, ಹೀಲಾ ಕೋಶಗಳ ಗುರುತು. 1951ರಲ್ಲಿ ಬಾಲ್ಟಿಮೋರಿನಲ್ಲಿ ತೀರಿಕೊಂಡ ಹೆನ್ರಿಯೆಟಾ ಲ್ಯಾಕ್ಸ್ ಅವರ ಗರ್ಭಕಂಠದ ಕ್ಯಾನ್ಸರಿನಿಂದ ಬಂದ ಈ ಕೋಶಗಳ ಒಂದು ಹನಿ ಪಕ್ಕದ ಪಾತ್ರೆಗೆ ಸಿಡಿದರೆ ಸಾಕು, ಸರಸರನೆ ಬೆಳೆದು ಮೂಲ ನಿವಾಸಿಗಳನ್ನೇ ಎಬ್ಬಿಸುತ್ತವೆ. ಹಾಗೆ ಬೆರಕೆಯಾದ ಕುಪ್ಪಿಯನ್ನು ಕೊಟ್ಟರೆ ಹಳೆಯ ಹೆಸರಿನಲ್ಲೇ ಹೀಲಾವನ್ನು ಕಾಯುತ್ತೇನೆ. ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಸೋಂಕು ಒಳಗೆ ಬಂದರೂ ಅಷ್ಟೇ, ನನ್ನ ಚಳಿಗೆ ಅದು ಸಾಯುವುದಿಲ್ಲ. ಸುಳ್ಳಿಗೂ ನಿಜಕ್ಕೂ ನನ್ನಲ್ಲಿ ಸಮಾನ ಆತಿಥ್ಯ.

ಪ್ರಶ್ನೆ: ಹಾಗಾದರೆ ಹೆಪ್ಪುಗಟ್ಟಿಸುವುದೇ ಬೇಡವೇ?

ಟ್ಯಾಂಕ್: ಬೇಡವೆಂದರೆ ನನ್ನ ಹೊಟ್ಟೆಪಾಡೇನು? ಪಾತ್ರೆಯಿಂದ ಪಾತ್ರೆಗೆ ಬೆಳೆಸುತ್ತಲೇ ಹೋದರೆ ಕೋಶಗಳ ಗುಣ ಬದಲಾಗುತ್ತದೆ, ಬೆರಕೆಗೆ ಅವಕಾಶವೂ ಹೆಚ್ಚುತ್ತದೆ. ಅದಕ್ಕೆ ತಡೆ ನಾನೇ. ಆದರೆ ನಾನು ಕಾಲವನ್ನು ನಿಲ್ಲಿಸಬಲ್ಲೆ, ತಪ್ಪನ್ನು ತಿದ್ದಲಾರೆ.

ಪ್ರಶ್ನೆ: ಆ ತಪ್ಪನ್ನು ಹಿಡಿಯುವ ಡಿಎನ್‌ಎ ಗುರುತಿನ ಪರೀಕ್ಷೆಗೆ ದುಡ್ಡು ಬೇಕು, ಸಣ್ಣ ಪ್ರಯೋಗಾಲಯಗಳು ಎಲ್ಲಿಂದ ತರಬೇಕು?

ಟ್ಯಾಂಕ್: ಆವಿಯಾಗಿ ಹೋಗುವ ಸಾರಜನಕವನ್ನು ಮತ್ತೆ ಮತ್ತೆ ತುಂಬಿಸಲು ದುಡ್ಡಿದೆಯಲ್ಲ! ಏನೆಂದು ತಿಳಿಯದ್ದನ್ನು ವರ್ಷಗಟ್ಟಲೆ ತಣ್ಣಗಿಡುವುದು ಉಳಿತಾಯ, ಒಮ್ಮೆ ಕೇಳಿ ತಿಳಿಯುವುದು ದುಂದು ಎಂಬ ಲೆಕ್ಕ ನನಗಂತೂ ಹತ್ತುವುದಿಲ್ಲ. ಸ್ತನ ಕ್ಯಾನ್ಸರಿನದೆಂದು ನಂಬಿ ಬೇರೆ ಕೋಶಕ್ಕೆ ಔಷಧ ಹಾಕಿದರೆ ಹಾಳಾಗುವುದು ಪರೀಕ್ಷೆಯ ಶುಲ್ಕಕ್ಕಿಂತ ಎಷ್ಟೋ ದೊಡ್ಡ ಮೊತ್ತ. ಹೊಸ ದಾಸ್ತಾನು ಮಾಡುವಾಗ ಒಂದು ಕುಪ್ಪಿಯನ್ನು ಪರೀಕ್ಷೆಗೆ ಕಳಿಸಿ, ಫಲಿತಾಂಶ ದಾಖಲೆ ಪುಸ್ತಕಕ್ಕೇರಿದ ಮೇಲೆ ಉಳಿದವನ್ನು ಪ್ರಯೋಗಕ್ಕೆ ತೆಗೆಯಿರಿ. ಈಗ ಮುಚ್ಚಳ ಹಾಕಿ, ಸಾರಜನಕ ಆರುತ್ತಿದೆ.