ಎಲೆ ಎತ್ತುವವರು ಬೇಕಾಗಿದ್ದಾರೆ

ಆಯನೂರಿನ ಚಹಾದಂಗಡಿಯಲ್ಲಿ ಕ್ಯೂಆರ್ ಕೋಡಿಗೆ ಫೋನ್ ಹಿಡಿದು ದುಡ್ಡು ಕಳಿಸಿದ ಮೇಲೆ ನಮ್ಮ ಕೃತಜ್ಞತೆ ಇಬ್ಬರಿಗೆ ಹಂಚಿಹೋಗುತ್ತದೆ: ಚಹಾ ಕಾಸಿದವನಿಗೆ ಮತ್ತು ಡಿಜಿಟಲ್ ಇಂಡಿಯಾ ಮಾಡಿದವರಿಗೆ. ಆ ದುಡ್ಡು ಯಾವ ಸರ್ವರ್ ಹಾದು ಹೋಯಿತು ಎಂದು ಕೇಳುವ ಚಟ ಸಾಗರ ರಸ್ತೆಯಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೆ ಗ್ನೂ ಸಿ ಲೈಬ್ರರಿ, ಚಿಕ್ಕದಾಗಿ ಗ್ಲಿಬ್‌ಸಿ, ಎಂಬ ಪುಕ್ಕಟೆ ತಂತ್ರಾಂಶದ ಹೆಸರು ಕಿವಿಗೆ ಬೀಳುತ್ತಿತ್ತು. ಫೋನಿನ ಆಂಡ್ರಾಯ್ಡ್‌ಗೆ ಬೇರೆ ಲೈಬ್ರರಿ ಇದೆ, ಬಿಡಿ. ಆದರೆ ಜಗತ್ತಿನ ಲಿನಕ್ಸ್ ಸರ್ವರುಗಳ ಪೈಕಿ ಬಹುಪಾಲಿಗೆ ಕಡತ ತೆರೆಯಲು, ಮೆಮೊರಿ ಕೇಳಲು, ಗಂಟೆ ಎಷ್ಟೆಂದು ತಿಳಿಯಲು ಗ್ಲಿಬ್‌ಸಿಯೇ ಗತಿ.

ಇದನ್ನು ಒಮ್ಮೆ ಬರೆದರೆ ಮುಗಿಯುವುದಿಲ್ಲ. ಪ್ರೊಸೆಸರಿನ ಜಾತಿ ಬದಲಾದಂತೆ ಕೆಳಪದರವನ್ನು ಬೇರೆ ಬರೆಯಬೇಕು, ಅದೇ ಪೋರ್ಟ್. ದೊಡ್ಡ ಮನೆತನದ ಪ್ರೊಸೆಸರುಗಳನ್ನು ನೋಡಿಕೊಳ್ಳಲು ಕಂಪನಿಗಳು ಸಂಬಳ ಕೊಟ್ಟು ಜನ ಇಟ್ಟಿವೆ. ಆಲ್ಫಾ, ಪಿಎ-ರಿಸ್ಕ್, ಮೊಟೊರೊಲಾ 68000ದ ವಂಶದಂಥ ಹಳಬರಿಗೆ ಸ್ವಯಂಸೇವಕರೇ ದಿಕ್ಕು. ವರ್ಷಕ್ಕೆರಡು ಸಲ, ಫೆಬ್ರವರಿ ಮತ್ತು ಆಗಸ್ಟಿನ ಹೊತ್ತಿಗೆ, ಹೊಸ ಆವೃತ್ತಿ ಬರುತ್ತದೆ. ಅದಕ್ಕೆ ಮುಂಚೆ ಆ ಪುಣ್ಯಾತ್ಮ ಮೂಲೆಯ ಹಳೇ ಯಂತ್ರವನ್ನು ಎಬ್ಬಿಸಿ, ರಾಶಿ ಪರೀಕ್ಷೆ ಓಡಿಸಿ, ಫೇಲಾದದ್ದು ಯಾಕೆಂದು ಹುಡುಕಬೇಕು. ಸೈನ್, ಕೊಸೈನ್ ಲೆಕ್ಕದ ಉತ್ತರ ಕೊನೆಯ ಬಿಟ್‌ನಲ್ಲಿ ಎಷ್ಟು ಆಚೀಚೆ ಆಗುತ್ತದೆ ಎಂದು ಬರೆದಿಡಲೂ ಪೋರ್ಟಿಗೊಂದು ಕಡತವಿದೆ. ಇಷ್ಟಕ್ಕೆಲ್ಲ ಶಾಲು, ಹಾರ, ಫಲತಾಂಬೂಲದ ಏರ್ಪಾಡಿಲ್ಲ.

ನಮಗೂ ಇದಕ್ಕೂ ಏನು ಸಂಬಂಧ ಅನ್ನಬೇಡಿ. 2001ರ ಸುಮಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯವರೂ ಸೇರಿ ಬಡವರಿಗಾಗಿ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ ಮಾಡಿದರು. ಒಳಗೆ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, ಮೇಲೆ ಲಿನಕ್ಸ್. ದೇಶ ಬೆನ್ನು ತಟ್ಟಿಕೊಂಡಿತು. ಆರ್ಮ್ ಪ್ರೊಸೆಸರಿನ ಮೇಲೆ ಲಿನಕ್ಸ್ ಓಡುವಂತಾದದ್ದು 1990ರ ದಶಕದಲ್ಲಿ ರಸೆಲ್ ಕಿಂಗ್ ಎಂಬ ಇಂಗ್ಲೆಂಡಿನ ಹುಡುಗ ತನ್ನ ಏಕಾರ್ನ್ ಕಂಪ್ಯೂಟರಿಗೆಂದು ಶುರುಮಾಡಿದ ಕೆಲಸದಿಂದ ಎಂಬುದು ಯಾವ ವೇದಿಕೆಯ ಭಾಷಣಕ್ಕೂ ಹೊಂದುವ ಸಂಗತಿಯಲ್ಲ. ಗ್ಲಿಬ್‌ಸಿಯಲ್ಲೂ ಆರ್ಮ್ ಎಷ್ಟೋ ವರ್ಷ 'ಪೋರ್ಟ್ಸ್' ಎಂಬ ಪ್ರತ್ಯೇಕ ಕಟ್ಟಿನಲ್ಲಿತ್ತು. ಎಲ್ಲರ ಜೇಬಿಗೂ ಆರ್ಮ್ ಬಂದಾದ ಮೇಲೆ, 2014ರ 2.20ನೇ ಆವೃತ್ತಿಯಲ್ಲಿ, ಆ ಪಂಕ್ತಿಭೇದ ನಿಂತಿತು.

ಅದೇ 2001ರಲ್ಲಿ ಇಂಟೆಲ್ ಮತ್ತು ಎಚ್‌ಪಿ ಎಂಬ ಇಬ್ಬರು ಕುಬೇರರು ಇಟಾನಿಯಂ ಪ್ರೊಸೆಸರ್ ಎಂಬ ಭವಿಷ್ಯವನ್ನು ಮಾರುಕಟ್ಟೆಗೆ ಬಿಟ್ಟರು. 2021ರಲ್ಲಿ ಇಂಟೆಲ್ ಕೊನೆಯ ಸರಕು ಸಾಗಿಸಿ ಕೈತೊಳೆದುಕೊಂಡಿತು. 2024ರ ಜನವರಿಯಲ್ಲಿ ಲಿನಕ್ಸ್ 6.7 ಅದನ್ನು ಕೈಬಿಟ್ಟಿತು. ಆ ತಿಂಗಳ ಕೊನೆಗೆ ಗ್ಲಿಬ್‌ಸಿ 2.39 ಕೂಡ. 1979ರ 68000ದ ವಂಶ ಮಾತ್ರ ಎರಡರಲ್ಲೂ ಉಳಿದಿತ್ತು. ಕುಬೇರರು ಬಿಟ್ಟದ್ದು ಹೋಯಿತು, ಹುಚ್ಚರು ಹಿಡಿದದ್ದು ನಿಂತಿತು.

ಕನ್ನಡಕ್ಕೂ ಈ ಲೈಬ್ರರಿಯಲ್ಲಿ ಜಾಗವಿದೆ. ವಾರ, ತಿಂಗಳುಗಳ ಕನ್ನಡ ಹೆಸರಿರುವ ಒಂದು ಕಡತವುಂಟು. ನವೆಂಬರ್ 1ರಂದು ಮೈಕಿನೆದುರು ಕನ್ನಡಕ್ಕಾಗಿ ಪ್ರಾಣ ಕೊಡಲು ಸಿದ್ಧರಾಗುವವರಿಂದ ಆ ಕಡತಕ್ಕೆ ಐದು ನಿಮಿಷ ಕೇಳುವುದು ದುರಾಸೆಯಾದೀತು.

ಜಾತ್ರೆಯ ಊಟದಲ್ಲಿ ಸಾರಿಗೆ ಉಪ್ಪು ಕಡಿಮೆ ಎನ್ನಲು ಪಂಕ್ತಿಗೆ ಪಂಕ್ತಿಯೇ ಸಿದ್ಧ. ಎಲೆ ಎತ್ತಲು ಯಾರೋ ಒಬ್ಬ. 2024ರ ಮಾರ್ಚಿನಲ್ಲಿ ಬಯಲಾದ, ಎಕ್ಸ್‌ಝಡ್ ಎಂಬ ಪುಕ್ಕಟೆ ತಂತ್ರಾಂಶದ ಪ್ರಕರಣದ ಸಾರ ಇದೇ. ಒಬ್ಬನೇ ಸ್ವಯಂಸೇವಕ ದಣಿದಿದ್ದ, ಬೇಗ ಮಾಡು ಎಂದು ಪೀಡಿಸುವವರು ಮುತ್ತಿದರು, ಸಹಾಯಕ್ಕೆ ಬಂದವನಿಗೆ ಅವನು ಬೀಗದ ಕೈ ಕೊಟ್ಟ. ಬಂದವನು ಕಳ್ಳಬಾಗಿಲು ಕೊರೆದಿಟ್ಟ.

ಹೀಗಾಗಿ ಆಯನೂರು ಬಸ್ ನಿಲ್ದಾಣದ ಗೋಡೆಗೊಂದು ಜಾಹೀರಾತು. ಪೋರ್ಟ್ ನೋಡಿಕೊಳ್ಳುವವರು ಬೇಕಾಗಿದ್ದಾರೆ. ಸಂಬಳ: ಇಲ್ಲ. ರಜೆ: ರಜೆಯೇ ಕೆಲಸದ ದಿನ. ಯಂತ್ರ, ಕರೆಂಟು: ನಿಮ್ಮದೇ. ಬೈಗುಳ: ಯಥೇಚ್ಛ, ಕೋಟಿಗಟ್ಟಲೆ ಲಾಭದ ಕಂಪನಿಗಳಿಂದಲೂ. ಕೆಲಸ ಸರಿಯಾದರೆ ನೀವಿರುವುದು ಯಾರಿಗೂ ಗೊತ್ತಾಗದು. ತಪ್ಪಿದರೆ ಲೋಕಕ್ಕೆಲ್ಲ ಗೊತ್ತಾಗುತ್ತದೆ.

ದಿನಾ ಶಿವಮೊಗ್ಗದ ಬಸ್ ಹತ್ತುವ ಇಂಜಿನಿಯರಿಂಗ್ ಮಕ್ಕಳೇ, ಕೊನೇ ವರ್ಷದ ಪ್ರಾಜೆಕ್ಟಿಗೆ ಇನ್ನೊಂದು ಹಾಜರಾತಿ ಆ್ಯಪ್ ಬೇಡ. ಹಳೇ ಯಂತ್ರವಿಲ್ಲದಿದ್ದರೆ ಅದನ್ನು ಅನುಕರಿಸುವ ಕ್ಯೂಎಮು ಪುಕ್ಕಟೆ ಸಿಗುತ್ತದೆ. ಒಂದು ಪೋರ್ಟ್ ಹಿಡಿದು ಪರೀಕ್ಷೆ ಓಡಿಸಿ, ಫಲಿತಾಂಶ ಕಳಿಸಿ. ಬೆಂಗಳೂರಿನ ಕಂಪನಿಗಳೇ, ಸಸಿ ನೆಟ್ಟ ಫೋಟೊ ಸಾಕು. ವಾರಕ್ಕೊಂದು ದಿನ ಒಬ್ಬ ಇಂಜಿನಿಯರನ್ನು ಸಂಬಳ ಕೊಟ್ಟು ಈ ಕೆಲಸಕ್ಕೆ ಬಿಡಿ. ನಮಗೆ ಪುಕ್ಕಟೆ ಬಂದದ್ದರ ಬೆಲೆಯನ್ನು ಇಷ್ಟು ದಿನ ಬೇರೆ ಯಾರೋ ತಮ್ಮ ಭಾನುವಾರಗಳಿಂದ ಕಟ್ಟಿದ್ದಾರೆ.