ಮುದ್ದೆಯ ಮೇಲೊಂದು ಕೋಟೆ

ನಮ್ಮ ಮನೆಯಲ್ಲಿ ಅತ್ತೆ ಮಾವ ನಾಲ್ಕು ದಿನ ಮಾತು ಬಿಟ್ಟಿದ್ದರು. ಕಾರಣ, ಒಂದು ಕಕ್ಕಸು. ನಮ್ಮ ಮನೆಯದ್ದಲ್ಲ, ನಾರ್ಮನ್ನರದ್ದು.

ಮಗಳು ಇಯರ್ ಸೆವೆನ್. ಆ ವಾರ ಎರಡು ಹೋಮ್‌ವರ್ಕ್ ಒಟ್ಟಿಗೆ ಬಂದಿದ್ದವು. ಚರಿತ್ರೆಗೆ ಮಧ್ಯಯುಗದ ಕೋಟೆಯೊಂದರ ಮಾಡೆಲ್. ಇಂಗ್ಲಿಷಿಗೆ, ರೋಲ್ಡ್ ಡಾಲ್‌ನ 'ಬಾಯ್' ಓದಿಸಿದ ಮೇಲೆ, ಅದೇ ಥರ ತನ್ನ ಬಾಲ್ಯದ ನೆನಪೊಂದನ್ನು ಬರೆಯುವುದು. ನಾವಿರುವುದು ಕಾರ್ಡಿಫ್‌ನಲ್ಲಿ. ಡಾಲ್ ಹುಟ್ಟಿದ ಲ್ಯಾಂಡಾಫ್ ಇಲ್ಲೇ ಪಕ್ಕ, ಕೋಟೆ ಊರ ನಡುವೆ. ಟೀಚರುಗಳನ್ನು ದೂರುವ ಹಾಗಿಲ್ಲ. ದೂರಬೇಕಾದ್ದು ಆ ವರ್ಕ್‌ಶೀಟನ್ನು ಮಾವನ ಕೈಗೆ ಕೊಟ್ಟ ನನ್ನನ್ನೇ.

ಮಾವ ಕನ್ನಡಕ ಏರಿಸಿ ಅಕ್ಷರ ಕೂಡಿಸಿ ಓದಿದರು: "ಮೊಟ್ಟೆ ಅಂಡ್ ಬೇಲಿ."

ಅಡುಗೆಮನೆಯಿಂದ ಅತ್ತೆ ತಲೆ ಹಾಕಿದರು. "ಮೊಟ್ಟೇನಾ? ಇಲ್ಲೂ ಶುರುವಾಯ್ತಾ?" ಊರಿನಲ್ಲಿ ಬಿಸಿಯೂಟದ ಮೊಟ್ಟೆ ಜಗಳವನ್ನು ಟಿವಿಯಲ್ಲಿ ನೋಡಿ ನೋಡಿ ಬಂದವರು.

"ಮೊಟ್ಟೆ ಅಲ್ಲ ಅಜ್ಜಿ, ಮಾಟ್."

ಅತ್ತೆ ಎದೆ ಮೇಲೆ ಕೈ ಇಟ್ಟುಕೊಂಡರು. "ಮಾಟಾನಾ!"

ಮಾಟ್ ಅಂದರೆ ಮಣ್ಣು ಗುಡ್ಡೆ ಹಾಕಿ ಮಾಡಿದ ದಿಬ್ಬ, ಅದರ ನೆತ್ತಿಯಲ್ಲಿ ಬುರುಜು. ಬೈಲಿ ಅಂದರೆ ದಿಬ್ಬದ ಬುಡದಲ್ಲಿ ಮರದ ಗೂಟ ನೆಟ್ಟು ಸುತ್ತುಗಟ್ಟಿದ ಅಂಗಳ ಎಂದು ಪುಟ್ಟಿ ವಿವರಿಸಿದಳು. ಮಾವನಿಗೆ ಅಷ್ಟೇ ಸಾಕಾಯಿತು. ಗೂಟ ನೆಟ್ಟು ಸುತ್ತುಗಟ್ಟಿದರೆ ಅದು ಬೇಲಿಯಲ್ಲದೆ ಇನ್ನೇನು? ಪದ ನಮ್ಮದೇ. ನಾರ್ಮನ್ನರು ಹೇಸ್ಟಿಂಗ್ಸ್‌ನಲ್ಲಿ ಗೆದ್ದಿದ್ದು 1066ರಲ್ಲಿ, ಅಷ್ಟೊತ್ತಿಗೆ ನಮ್ಮ ರನ್ನ ಗದಾಯುದ್ಧ ಬರೆದು ಮುಗಿಸಿಯಾಗಿತ್ತು, ಯಾರಿಂದ ಯಾರು ಕದ್ದರು ನೀನೇ ಲೆಕ್ಕ ಹಾಕು ಎಂದರು. ಪುಟ್ಟಿ ಲೆಕ್ಕ ಹಾಕಿ ವರ್ಕ್‌ಶೀಟಿನಲ್ಲಿ ಬರೆದೂಬಿಟ್ಟಳು. ಅದನ್ನು ರಬ್ಬರಿನಿಂದ ಅಳಿಸಿದವಳು ನಾನು.

ಶನಿವಾರ ಕೋಟೆ ನೋಡಲು ಹೋದೆವು. ಸುಮಾರು 40 ಅಡಿ ಎತ್ತರದ ದಿಬ್ಬ, ಮೇಲೆ ಹನ್ನೆರಡು ಮೂಲೆಯ ಕಲ್ಲಿನ ಬುರುಜು, ಸುತ್ತ ನೀರು. ಮಾವ ಸಣ್ಣ ನೀರಾವರಿಯಲ್ಲಿ ಓವರ್‌ಸಿಯರ್ ಆಗಿದ್ದವರು, ಮಾರಿಕಣಿವೆ ನೋಡಿ ಬೆಳೆದವರು. ಕೆಳಗೆ ನಿಂತು ಕಣ್ಣಲ್ಲೇ ಅಳೆದು, "ಹೂಂ, ಕೆರೆ ಏರಿ ಇದ್ದಂಗಿದೆ" ಎಂದರು. ಅದು ಹೊಗಳಿಕೆಯೋ ತೆಗಳಿಕೆಯೋ ಗೊತ್ತಾಗಲಿಲ್ಲ. ಮೆಟ್ಟಿಲು ಹತ್ತಲು ಮಂಡಿ ಒಪ್ಪಲಿಲ್ಲ. ಮೇಲಿಂದ ಪುಟ್ಟಿ ಕೈ ಬೀಸಿದಾಗ ಅವರು ಕೆಳಗಿನಿಂದಲೇ, "ಮಣ್ಣು ಪದರ ಪದರ ಹಾಕಿ ನೀರು ಕುಡಿಸಿ ಬಡಿದಿದ್ದಾರಾ ನೋಡು" ಅಂತ ಕೂಗಿದರು. ಸುತ್ತ ಇದ್ದವರೆಲ್ಲ ತಿರುಗಿ ನೋಡಿದರು.

ಅಂಗಡಿಯಿಂದ ತಂದ ಜೇಡಿಮಣ್ಣು ಭಾನುವಾರ ಬೆಳಗಾಗುವಷ್ಟರಲ್ಲಿ ಬಿರುಕು ಬಿಟ್ಟಿತ್ತು. ಯಜಮಾನರು ಮಗನನ್ನು ಫುಟ್‌ಬಾಲಿಗೆ ಕರೆದುಕೊಂಡು ಹೋದರು, ನಾನು ಸಾಮಾನು ತರಲು ಹೋದೆ, ಅತ್ತೆ ಮಹಡಿ ಮೇಲೆ ತಂಗಿಯ ಜೊತೆ ವಾಟ್ಸಾಪಿನಲ್ಲಿ ಕೂತರು. ಮನೆಯನ್ನು ಕಾವಲಿಲ್ಲದೆ ಬಿಡಬಾರದು ಎಂಬುದು ಎಲ್ಲಾ ಕೋಟೆಗಳ ಮೊದಲ ಪಾಠ.

ವಾಪಸು ಬಂದು ಬಾಗಿಲು ತೆಗೆದರೆ ಮೂಗಿಗೆ ಬಡಿದದ್ದು ರಾಗಿ ಸೀದ ವಾಸನೆ. ನಲವತ್ತಾರು ವರ್ಷದ ಸಂಸಾರದಲ್ಲಿ ಒಂದು ಲೋಟ ಕಾಫಿ ಬೆರೆಸಿಕೊಳ್ಳದ ಮನುಷ್ಯ, ತೋಳು ಮಡಿಸಿ, ದೊಡ್ಡ ಕುಕ್ಕರನ್ನು ಎರಡು ಕಾಲಿನ ನಡುವೆ ಒತ್ತಿ ಹಿಡಿದು ಮುದ್ದೆ ತಿರುವುತ್ತಿದ್ದರು. ಹಿಟ್ಟು ಎಂಥದ್ದೆನ್ನುತ್ತೀರಿ? ಹೊಸದುರ್ಗದ ಪಕ್ಕದ ನಮ್ಮದೇ ಹೊಲದ್ದು. 23 ಕೆಜಿ ಲೆಕ್ಕದಲ್ಲಿ ತೂಗಿಸಲು ಅತ್ತೆ ಎರಡು ರೇಷ್ಮೆ ಸೀರೆ ಇಳಿಸಿ, ಅದರ ಜಾಗದಲ್ಲಿ ತುಂಬಿಕೊಂಡು ಬಂದದ್ದು. ಅದರಲ್ಲಿ ಎರಡು ಕೆಜಿ ಈಗ ದಿಬ್ಬವಾಗಿ, ಟ್ರೇ ಮೇಲೆ ಹಬೆಯಾಡುತ್ತಾ ಕೂತಿತ್ತು. ಗಂಟಿಲ್ಲ, ಬಿರುಕಿಲ್ಲ. ಸತ್ಯ ಹೇಳಬೇಕೆಂದರೆ ನನಗೂ ಅಷ್ಟು ನುಣ್ಣಗೆ ಬರುವುದಿಲ್ಲ.

ಮೇಲೆ ಕಾರ್ನ್‌ಫ್ಲೇಕ್ಸ್ ಡಬ್ಬದ ಬುರುಜು. ಗೋಡೆಯಲ್ಲೊಂದು ತೂತು, ಅದರಿಂದ ಇಳಿಜಾರಿನ ಕಾಲುವೆ. ಆ ತೂತಿನ ಬಗ್ಗೆ ಅಜ್ಜ ಮೊಮ್ಮಗಳ ನಡುವೆ ಯುದ್ಧ ನಡೆದಿತ್ತು. ಪುಟ್ಟಿ ಪ್ರಕಾರ ಅದು ಗಾರ್ಡರೋಬ್, ಅಂದರೆ ದೊರೆಯ ಪಾಯಿಖಾನೆ. ಎಲ್ಲವೂ ಗೋಡೆಯಾಚೆ ಬೀಳುವ ವ್ಯವಸ್ಥೆ. ಮಾವನ ಪ್ರಕಾರ ಚಿತ್ರದುರ್ಗದ ಕಿಂಡಿ. ಏಳು ಸುತ್ತಿನ ಕೋಟೆಯ ಜಿಲ್ಲೆಯವರಿಗೆ ಕೋಟೆಯಲ್ಲಿ ತೂತು ಕಂಡರೆ ಹೈದರಾಲಿಯ ಸೈನಿಕನೇ ಬರಬೇಕು, ಒನಕೆ ಹಿಡಿದು ಓಬವ್ವ ನಿಲ್ಲಬೇಕು. ಪುಟ್ಟಿ ಪುಸ್ತಕ ತೆರೆದು ತೋರಿಸಿದಳು: 1204ರಲ್ಲಿ ಫ್ರಾನ್ಸಿನ ಶಾಟೋ ಗೈಯಾರ್ ಕೋಟೆಗೆ ಶತ್ರುಗಳು ಪಾಯಿಖಾನೆಯ ಕಿಂಡಿಯಿಂದಲೇ ನುಗ್ಗಿದರು ಎಂಬ ಕಥೆಯಿದೆ. ಮಾವನ ಮುಖ ಅರಳಿತು. "ನೋಡಿದ್ಯಾ, ಅವರಿಗೊಬ್ಬಳು ಓಬವ್ವ ಇರಲಿಲ್ಲ!"

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಕಿಂಡಿ ಕೆಲಸ ಮಾಡುತ್ತದೆಂದು ತೋರಿಸಲು ಪುಟ್ಟಿ ಬುರುಜಿನೊಳಗೆ ಒಂದು ಚೂರು ಬೆಲ್ಲ ಹಾಕಿದಳು. ಅದು ಉರುಳಿ ಬಂದು ಮುದ್ದೆಯ ಬುಡದಲ್ಲಿ ಕೂತಿತು. ಸರಿಯಾಗಿ ಆಗಲೇ ಅತ್ತೆ ಕೆಳಗಿಳಿದರು. ಅದೇನೆಂದು ಕೇಳಿದರು. ಪುಟ್ಟಿ ಹೇಳಿದಳು.

ಅತ್ತೆ ಮಾವನನ್ನು ಇಷ್ಟು ವರ್ಷ 'ಏನ್ರೀ' ಬಿಟ್ಟು ಬೇರೆ ಕರೆದಿದ್ದನ್ನು ನಾನು ಕೇಳಿಲ್ಲ. ಅವತ್ತು ಏಕವಚನ ಬಂತು. "ತಿನ್ನೋ ಅನ್ನದ ಮೇಲೆ ಕಕ್ಕಸು ಕಟ್ಟಿದ್ಯಲ್ಲೋ ಮುದುಕಾ!" ಆಮೇಲೆ ಮೌನ. ತಳ ಹಿಡಿದ ಕುಕ್ಕರ್ ಕಂಡು ನಾನೂ ಕೂಗಾಡಿದೆ, ಹೆಚ್ಚಾಗಿ ಪುಟ್ಟಿಯ ಮೇಲೆ. ಮಾವನ ಮೇಲೆ ಕೂಗಲು ಆಗುವುದಿಲ್ಲವಲ್ಲ.

ಇನ್ನು ನೆನಪಿನ ಬರಹ. "ನನ್ನ ಬಾಲ್ಯ ಇನ್ನೂ ಮುಗಿದೇ ಇಲ್ಲವಲ್ಲಮ್ಮ, ಹೇಗೆ ಬರೆಯೋದು?" ಎಂದು ಪುಟ್ಟಿ ಪೆನ್ಸಿಲ್ ಕಚ್ಚುತ್ತಿದ್ದಳು. ಮಾವ ಕಿಟಕಿಯ ಹತ್ತಿರ ಕೂತು ಮಳೆಯಲ್ಲಿ ಹೋಗುವ ಬಸ್ಸು ಎಣಿಸುತ್ತಿದ್ದರು. ದಿನವೂ ಅದೇ ಅವರ ಕೆಲಸ. ತಿರುಗದೆಯೇ ಹೇಳಿದರು: "ನಂದು ತಗೊ. ಯಾರೂ ಬಳಸ್ತಾ ಇಲ್ಲ."

ಅವಳು ತಗೊಳ್ಳಲಿಲ್ಲ. ಮುದ್ದೆಯ ಕಥೆಯನ್ನೇ ಬರೆದಳು. ಆತ್ಮಕಥೆ ಎಂದರೆ ಬೇಜಾರಿನ ವಿವರಗಳ ರಾಶಿ, ಇದು ಅದಲ್ಲ ಎಂದು ಡಾಲ್ 1984ರ ಆ ಪುಸ್ತಕದ ಮೊದಲಲ್ಲೇ ಹೇಳಿಕೊಂಡಿದ್ದಾನೆ. ಇವಳೂ ಬೇಜಾರಿನದ್ದೆಲ್ಲ ಬಿಟ್ಟಿದ್ದಳು. ನಾನು ಬೆಳಿಗ್ಗೆ ಐದೂವರೆಗೆ ಎದ್ದು ಕಟ್ಟುವ ಡಬ್ಬಿ, ಇಸ್ತ್ರಿ, ಡೆಂಟಿಸ್ಟು, ಯಾವುದೂ ಇಲ್ಲ. ಡಾಲ್‌ನ ಪುಸ್ತಕದಲ್ಲಿ ಮಿಠಾಯಿ ಅಂಗಡಿಯ ಮಿಸೆಸ್ ಪ್ರ್ಯಾಚೆಟ್ ಎಂಬ ಕೊಳಕು ಕೈಯ ಕಿರುಚಾಟದ ಹೆಂಗಸಿದ್ದಾಳೆ, ಹುಡುಗರು ಅವಳ ಮಿಠಾಯಿ ಜಾಡಿಗೆ ಸತ್ತ ಇಲಿ ಹಾಕುತ್ತಾರೆ. ಮಗಳ ಬರಹದಲ್ಲೂ ಕಿರುಚುವ ಒಬ್ಬಳು ಬೇಕಿತ್ತು. ಕೈ ತುಂಬ ರಾಗಿ ಮೆತ್ತಿಕೊಂಡು ಕುಕ್ಕರ್ ಉಜ್ಜುತ್ತಾ ಕಿರುಚುವ ಆ ಹೆಂಗಸು ಯಾರೆಂದು ನಾನು ಬೇರೆ ಹೇಳಬೇಕಿಲ್ಲ. ಯಜಮಾನರು ಓದಿ ಸೋಫಾದ ಮೇಲೆ ಉರುಳಾಡಿದರು. ಅವರಿಗೆ ಅದರಲ್ಲಿ ಅರ್ಧ ಸಾಲೂ ಇರಲಿಲ್ಲ, ಆ ಸಿಟ್ಟು ಬೇರೆ.

ಜಗಳ ತೆಗೆಯಬೇಕೆಂದೇ ಎರಡನೇ ಸಲ ಓದಿದೆ. ನಡುವೆ ಒಂದು ಸಾಲು: ಅಜ್ಜನ ಕೈ ಕಾಫಿ ಲೋಟ ಹಿಡಿದರೆ ನಡುಗುತ್ತದೆ, ಮುದ್ದೆ ತಿರುವುವಾಗ ನಡುಗಲಿಲ್ಲ. ಮನೆಯಲ್ಲಿ ಯಾರೂ ಗಮನಿಸಿರಲಿಲ್ಲ. ಹಾಳೆ ಮಡಿಸಿ ಅವಳ ಬ್ಯಾಗಿಗೆ ಹಾಕಿದೆ.

ಬುಧವಾರ ಕೋಟೆ ಮನೆಗೆ ಬಂತು. ದಿಬ್ಬ ಕಲ್ಲಾಗಿತ್ತು. ಇದು ಯಾವ ಜೇಡಿಮಣ್ಣು, ಎಲ್ಲಿ ಸಿಗುತ್ತದೆ ಎಂದು ಟೀಚರ್ ಕೇಳಿದ್ದರಂತೆ. ಅತ್ತೆ ಅದನ್ನು ಅಡುಗೆಮನೆಯೊಳಕ್ಕೆ ಬಿಟ್ಟುಕೊಳ್ಳಲಿಲ್ಲ, ಹಿತ್ತಲ ಗೋಡೆಯ ಮೇಲೆ ಇಡಿಸಿದರು. ಬಿಸಾಕಿ ಎಂದೂ ಹೇಳಲಿಲ್ಲ.

ಗುರುವಾರ ಮಧ್ಯಾಹ್ನ ಮಾವ ಊಟಕ್ಕೆ ಕೂತಿದ್ದರು. ನಾನು ಮೇಲೆ ಲ್ಯಾಪ್‌ಟಾಪ್ ಮುಂದೆ. ಹಿತ್ತಲಿಂದ ರೆಕ್ಕೆ ಬಡಿವ ಸದ್ದು. ನೋಡಿದರೆ ಕಾರ್ಡಿಫ್‌ನ ಸೀಗಲ್‌ಗಳ ದಂಡು, ಒಂದೊಂದೂ ಕೋಳಿ ಗಾತ್ರದ್ದು. ಒಂದು ಆಗಲೇ ಕಿಂಡಿಯೊಳಗೆ ತಲೆ ತೂರಿಸಿತ್ತು. ನೀರು ಹಿಡಿಯಲು ನಲ್ಲಿಯ ಹತ್ತಿರ ಬಂದಿದ್ದ ಅತ್ತೆ ಬಿಂದಿಗೆ ಕೆಳಗಿಟ್ಟರು. ಸೆರಗು ಬಿಗಿದರು. ಕೈಗೆ ಸಿಕ್ಕ ಮುದ್ದೆ ಕೋಲು ಎತ್ತಿಕೊಂಡು ಹಿತ್ತಲ ಬಾಗಿಲಿನ ಪಕ್ಕ ಉಸಿರು ಬಿಗಿಹಿಡಿದು ನಿಂತರು.

ಒಳಗೆ ಮಾವ ತುತ್ತು ಬಾಯಿಗಿಡುವುದನ್ನೂ ಮರೆತು ಪಿಸುಗುಟ್ಟಿದರು: "ಇನ್ನೂ ಒಂದು ಬರಲಿ, ಆಮೇಲೆ ಹೊಡಿ."

"ನೀವು ಸುಮ್ನೆ ಊಟ ಮಾಡ್ರಿ," ಎಂದರು ಅತ್ತೆ. ಬಹುವಚನ ವಾಪಸು ಬಂದಿತ್ತು.