ನೂರು ಎಲ್ಲಿ ಇಡಬೇಕು?

ಬಾಜೂ ಮನೆಯ ಅಕ್ಕಾರಿಗೆ ಪೇಪರಿನ ಮೇಲೆ ಸಿಟ್ಟು. “ತುಟ್ಟಿ ಇಳದೈತಿ ಅಂತ ಬರದಾರಲ್ರೀ ಮಾಸ್ತರ್ರ, ಯಾವ ಸಂತ್ಯಾಗ ಇಳದೈತಿ ಹೇಳ್ರಿ, ಅಲ್ಲೇ ಹೋಗಿ ತರ್ತೀನಿ” ಎಂದು ಕಂಪೌಂಡ್ ಗೋಡೆಯ ಆಚೆಯಿಂದ ಕೇಳಿದರು. ಬಾಗಲಕೋಟೆಯ ನವನಗರದಲ್ಲಿ ನಮ್ಮ ಎರಡೂ ಮನೆಗಳ ನಡುವೆ ಇರುವುದು ಮೊಣಕೈ ಊರಿ ಮಾತಾಡುವಷ್ಟು ಎತ್ತರದ ಗೋಡೆ.

ಅವರ ಪ್ರಶ್ನೆ ನ್ಯಾಯವಾದದ್ದು. ಅವರು ಓದಿದ್ದು 2025ರ ಅಕ್ಟೋಬರ್ ತಿಂಗಳ ಲೆಕ್ಕ. ಚಿಲ್ಲರೆ ಹಣದುಬ್ಬರ ಶೇ 0.25. 2012ನ್ನು ಮೂಲವರ್ಷ ಮಾಡಿಕೊಂಡ ಸರಣಿಯಲ್ಲೇ ಅಷ್ಟು ಕಡಿಮೆ ಅಂಕಿ ಅದಕ್ಕೆ ಮುಂಚೆ ಬಂದಿರಲಿಲ್ಲ. ಆದರೆ ಅದು ಬೆಲೆ ಇಳಿದ ಲೆಕ್ಕವಲ್ಲ. ಹಿಂದಿನ ವರ್ಷದ ಅದೇ ತಿಂಗಳಿಗಿಂತ ಎಷ್ಟು ಏರಿತು ಅನ್ನುವ ಲೆಕ್ಕ. ಆ ಹಿಂದಿನ ಅಕ್ಟೋಬರಿನಲ್ಲಿ ಏರಿಕೆ ಶೇ 6.21 ಇತ್ತು. 2023ರ ಅಕ್ಟೋಬರಿನಲ್ಲಿ ನೂರು ರೂಪಾಯಿಗೆ ಬರುತ್ತಿದ್ದ ಸಾಮಾನಿಗೆ ಮರುವರ್ಷ 106 ರೂಪಾಯಿ 21 ಪೈಸೆ, ಅದರ ಮರುವರ್ಷ 106 ರೂಪಾಯಿ 48 ಪೈಸೆ. ಏರಿದ್ದು ಏರಿದ್ದೇ, ಅದರ ಮೇಲೆ ಹೆಚ್ಚೇನೂ ಏರಲಿಲ್ಲ.

“ಕಾಯಿಪಲ್ಲೆ ಮಾತ್ರ ಸೋವಿ ಆಗೇತ್ರಿ, ಅದನ್ನ ಇಲ್ಲ ಅನ್ನಂಗಿಲ್ಲ” ಎಂದರು. ಅದೂ ಖರೆ. 2024ರ ಅಕ್ಟೋಬರಿನಲ್ಲಿ ತರಕಾರಿ ಬೆಲೆ ಶೇ 42ರಷ್ಟು ಏರಿತ್ತು. 2025ರ ಅಕ್ಟೋಬರಿನಲ್ಲಿ ಶೇ 27ಕ್ಕೂ ಹೆಚ್ಚು ಇಳಿಯಿತು. ನೂರು 142 ಆಯಿತು, ಆಮೇಲೆ 103ರ ಆಸುಪಾಸಿಗೆ ಬಂತು. ಅಂದರೆ ಎರಡು ವರ್ಷದ ಹಿಂದೆ ಇದ್ದ ಜಾಗಕ್ಕೇ ಹೆಚ್ಚುಕಡಿಮೆ ಮರಳಿತು. ಆ ಎರಡು ವರ್ಷ ಉಳ್ಳಾಗಡ್ಡಿ ಬೆಳೆದವನ ಬೀಜ, ಗೊಬ್ಬರ, ಆಳಿನ ಕೂಲಿ ಹಿಂದಕ್ಕೆ ಬರಲಿಲ್ಲ ಅನ್ನುವುದನ್ನು ಇಲ್ಲೇ ಹೇಳಿಬಿಡಬೇಕು. ಅಕ್ಕಾರ ಚೀಲ ಹಗುರಾದ ದಿನವೇ ನಮ್ಮ ಜಿಲ್ಲೆಯ ರೈತನ ಕಿಸೆಯೂ ಹಗುರಾಗಿತ್ತು.

ಅಷ್ಟರಲ್ಲಿ ಅವರ ಮಗಳು ಗ್ರಾಫ್ ಹಾಳೆ ಹಿಡಿದುಕೊಂಡು ಬಂದಳು. ಪಿಯುಸಿ ಎರಡನೇ ವರ್ಷ, ಕಾಮರ್ಸ್. ಬೆಲೆ ಮತ್ತು ದೇಶದ ಉತ್ಪನ್ನ ಎರಡನ್ನೂ ಒಂದೇ ಹಾಳೆಯಲ್ಲಿ ಹೋಲಿಸಿ ತೋರಿಸಬೇಕಂತೆ. ಎಡಗಡೆ ಬೆಲೆ ಸೂಚ್ಯಂಕದ ಅಳತೆ, ಬಲಗಡೆ ಲಕ್ಷ ಕೋಟಿ ರೂಪಾಯಿಗಳ ಅಳತೆ. ಕೆಂಪು ಗೆರೆ, ನೀಲಿ ಗೆರೆ. ನಡುವೆ ಒಂದು ಕಡೆ ಎರಡೂ ಕೂಡಿದ್ದವು. ಅಲ್ಲಿ ಪೆನ್ಸಿಲಿನಿಂದ ಸುತ್ತು ಹಾಕಿ, “ಇಲ್ಲಿ ಕೂಡ್ಯಾವಲ್ರೀ ಸರ, ಇದರ ಅರ್ಥ ಏನು ಬರೀಲಿ?” ಎಂದಳು.

ಏನೂ ಅರ್ಥ ಇಲ್ಲವ್ವ, ಎಂದೆ. ಬಲಗಡೆಯ ಅಳತೆಯನ್ನು ಸ್ವಲ್ಪ ಹಿಗ್ಗಿಸಿದರೆ ಗೆರೆಗಳು ಬೇರೆ ವರ್ಷದಲ್ಲಿ ಕೂಡುತ್ತವೆ, ಕುಗ್ಗಿಸಿದರೆ ಕೂಡುವುದೇ ಇಲ್ಲ. ಎರಡು ಬೇರೆ ಬೇರೆ ವಸ್ತುಗಳನ್ನು ಹೋಲಿಸಬೇಕಾದರೆ ಎರಡನ್ನೂ ಒಂದೇ ವರ್ಷದಲ್ಲಿ ನೂರು ಮಾಡಿ, ಅಲ್ಲಿಂದ ಒಂದೇ ಅಳತೆಯಲ್ಲಿ ನಡೆಸಬೇಕು. ಗೋಡೆಯ ಮೇಲೇ ಹಾಳೆ ಹಾಸಿ ಮತ್ತೆ ಬರೆದೆವು. 2011-12ರಲ್ಲಿ ಭಾರತದ ಜಿಡಿಪಿ ಸುಮಾರು 87.36 ಲಕ್ಷ ಕೋಟಿ. ಅದೇ ಸರಣಿಯ ಪ್ರಕಾರ 2024-25ರಲ್ಲಿ 330.68 ಲಕ್ಷ ಕೋಟಿ. ಮೊದಲನೆಯದನ್ನು ನೂರು ಮಾಡಿದರೆ ಎರಡನೆಯದು 379. ಹುಡುಗಿಗೆ ಖುಷಿ. ಆದರೆ ಇದು ಆಯಾ ವರ್ಷದ ಬೆಲೆಯಲ್ಲಿ ಎಣಿಸಿದ್ದು. 2011-12ರ ಬೆಲೆಯಲ್ಲೇ ಎಣಿಸಿದರೆ 187.97 ಲಕ್ಷ ಕೋಟಿ, ಅಂದರೆ 215. ಉಳಿದದ್ದೆಲ್ಲ ಬೆಲೆ ಏರಿದ್ದರಿಂದ ಬಂದ ಎತ್ತರ. ದೊಡ್ಡ ಅಂಕಿಯನ್ನು ಚಿಕ್ಕದರಿಂದ ಭಾಗಿಸಿದರೆ 1.76 ಬರುತ್ತದೆ. ದೇಶದೊಳಗೆ ತಯಾರಾದ ಎಲ್ಲದರ ಬೆಲೆ ಒಟ್ಟಾರೆ ಶೇ 76ರಷ್ಟು ಏರಿದೆ ಎಂದು ಅರ್ಥ.

ಅಕ್ಕಾರು ಇಳಕಲ್ಲಿನ ನೇಕಾರರ ಮನೆಯ ಮಗಳು. ಈ ಭಾಗಾಕಾರ ಅವರಿಗೆ ಹೊಸದಾಗಲಿಲ್ಲ. “ನಮ್ಮವ್ವ ಮಜೂರಿ ರೊಕ್ಕದಾಗ ಎಣಸ್ತಿದ್ದಿಲ್ರಿ. ಒಂದ್ ಸೀರಿ ನೇದ್ರ ಎಷ್ಟ್ ಸೇರು ಜ್ವಾಳ ಬರ್ತಾವು ಅಂತ ಎಣಸ್ತಿದ್ಲು. ಮಾಲಕರು ಮಜೂರಿ ಏರ್ಸಿದ್ರೂ, ಜ್ವಾಳ ಕಡಿಮಿ ಬಂದ್ರ ಮಜೂರಿ ಇಳದೈತಿ ಅಂತಿದ್ಲು.”

ಇದಕ್ಕಿಂತ ಚೆನ್ನಾಗಿ ಯಾವ ಪಠ್ಯಪುಸ್ತಕವೂ ಹೇಳಲಾರದು. ರೂಪಾಯಿಯನ್ನು ಬೆಲೆಯಿಂದ ಭಾಗಿಸಿ ಕೈಗೆ ನಿಜವಾಗಿ ಏನು ಸಿಕ್ಕಿತು ಎಂದು ನೋಡುವುದೇ ಇಡೀ ವಿದ್ಯೆ. ಆ ತಾಯಿ ಅದನ್ನು ಒಂದೇ ವಸ್ತುವಿನಲ್ಲಿ ಮಾಡುತ್ತಿದ್ದರು, ಸರಕಾರ ನೂರಾರು ವಸ್ತುಗಳ ಬುಟ್ಟಿ ಹಿಡಿದು ಮಾಡುತ್ತದೆ. ಬುಟ್ಟಿಯೂ ಎಲ್ಲರಿಗೂ ಒಂದೇ ಅಲ್ಲ. 2012ರ ಸರಣಿಯಲ್ಲಿ ಹಳ್ಳಿಯ ಬುಟ್ಟಿಯೊಳಗೆ ಆಹಾರದ ತೂಕ ಶೇ 54.18, ಪಟ್ಟಣದ ಬುಟ್ಟಿಯಲ್ಲಿ ಶೇ 36.29. ಹಾಗಾಗಿ ಜೋಳ ತುಟ್ಟಿಯಾದರೆ ಹುನಗುಂದದ ಹಳ್ಳಿಗೆ ಬೀಳುವ ಪೆಟ್ಟು ದೊಡ್ಡದು, ನವನಗರಕ್ಕೆ ಸಣ್ಣದು.

ಈಗ ನನಗೆ ಮುಖ್ಯವಾದ ಮಾತಿಗೆ ಬರುತ್ತೇನೆ. ಗೆರೆ ಎಳೆಯುವವರು ನೂರನ್ನು ಯಾವ ವರ್ಷದಲ್ಲಿ ಇಟ್ಟರು ಎಂದು ಕೇಳದೆ ಗೆರೆಯನ್ನು ನಂಬಬಾರದು. ನಮ್ಮ ಹಿಂಗಾರಿ ಬಿಳಿಜೋಳವನ್ನೇ ತೆಗೆದುಕೊಳ್ಳಿ. ಮಾಲ್ದಂಡಿ ಜೋಳದ ಬೆಂಬಲ ಬೆಲೆ 2011-12ರಲ್ಲಿ ಕ್ವಿಂಟಲಿಗೆ 1,000 ರೂಪಾಯಿ. ಮರುವರ್ಷ ಒಮ್ಮೆಲೇ 1,520. 2024-25ರಲ್ಲಿ 3,421. ನೂರನ್ನು 2011-12ರಲ್ಲಿ ಇಟ್ಟರೆ ಗೆರೆ 342ಕ್ಕೆ ಹೋಗಿ ನಿಲ್ಲುತ್ತದೆ, ಒಂದೇ ವರ್ಷ ಮುಂದೆ ಇಟ್ಟರೆ 225ಕ್ಕೆ. ಎರಡೂ ಸುಳ್ಳಲ್ಲ. ರೈತನಿಗೆ ಮೂರೂವರೆ ಪಟ್ಟು ಕೊಟ್ಟೆವು ಎನ್ನಬೇಕಾದವರು ಮೊದಲನೆಯದನ್ನು ತೋರಿಸುತ್ತಾರೆ, ಕೊಟ್ಟಿದ್ದು ಸಾಲದು ಎನ್ನಬೇಕಾದವರು ಎರಡನೆಯದನ್ನು. ಇದೆಲ್ಲ ಬೆಂಬಲ ಬೆಲೆಯ ಮಾತು. ಎಪಿಎಂಸಿ ಕಟ್ಟೆಯ ಮೇಲೆ ಆ ದಿನ ಕೂಗಿದ ಬೆಲೆಯ ಗೆರೆ ಬೇರೆಯೇ ಬರುತ್ತದೆ.

ಕಬ್ಬಿನದು ಇನ್ನೂ ಸೂಕ್ಷ್ಮ. ಕಬ್ಬಿಗೆ ಕೇಂದ್ರ ಗೊತ್ತುಮಾಡುವ ದರವಾದ ಎಫ್‌ಆರ್‌ಪಿ 2012-13ರಲ್ಲಿ ಕ್ವಿಂಟಲಿಗೆ 170 ರೂಪಾಯಿ, 2024-25ರಲ್ಲಿ 340. ಬರೋಬ್ಬರಿ ದುಪ್ಪಟ್ಟು. ಚಿಲ್ಲರೆ ಬೆಲೆ ಸೂಚ್ಯಂಕ 2012ರ ನೂರರಿಂದ 2024-25ಕ್ಕೆ ಸುಮಾರು 193 ಆಯಿತು. ಹಾಗಾದರೆ ಕಬ್ಬಿನವರು ಬೆಲೆಏರಿಕೆಗಿಂತ ಸ್ವಲ್ಪ ಮುಂದೆಯೇ ಇದ್ದರು ಎಂದು ಚಾರ್ಟು ಹೇಳುತ್ತದೆ. ಆದರೆ ಆ 170 ಶೇ 9.5 ರಿಕವರಿ ಇರುವ ಕಬ್ಬಿಗೆ ಕೊಟ್ಟ ದರ. ಆಮೇಲೆ ಆ ಮಟ್ಟವನ್ನು ಶೇ 10ಕ್ಕೆ, 2022-23ರಿಂದ ಶೇ 10.25ಕ್ಕೆ ಏರಿಸಿದರು. 340 ಅನ್ನುವುದು ಶೇ 10.25 ಸಕ್ಕರೆ ಇಳಿಯುವ ಕಬ್ಬಿಗೆ. ಒಂದೊಂದು ಶೇಕಡಾ ರಿಕವರಿಗೆ ಎಷ್ಟು ಸಿಕ್ಕಿತು ಎಂದು ಭಾಗಿಸಿ ನೋಡಿ: ಆಗ 17 ರೂಪಾಯಿ 89 ಪೈಸೆ, 2024-25ರಲ್ಲಿ 33 ರೂಪಾಯಿ 17 ಪೈಸೆ. ನೂರು 185 ಆಗಿತ್ತು, 200 ಅಲ್ಲ. ಬೆಲೆಏರಿಕೆಯ 193ಕ್ಕಿಂತ ಕೆಳಗೆ. ಮುಂದಿದ್ದವರು ಒಂದು ಭಾಗಾಕಾರದಲ್ಲಿ ಹಿಂದೆ ಬಿದ್ದರು. 2025ರ ನವೆಂಬರಿನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಕಬ್ಬು ಬೆಳೆಗಾರರು ರಸ್ತೆಗೆ ಇಳಿದಾಗ ದರದ ಜೊತೆಗೆ ರಿಕವರಿಯ ಮಾತೂ ಯಾಕೆ ಬಂತು ಅನ್ನುವುದಕ್ಕೆ ಈ ಪೈಸೆಗಳ ಲೆಕ್ಕವೇ ಉತ್ತರ.

ಹುಡುಗಿ ಇನ್ನೊಂದು ಪೇಪರ್ ತುಣುಕು ತೋರಿಸಿದಳು: 2021ರ ಏಪ್ರಿಲ್-ಜೂನಿನಲ್ಲಿ ಜಿಡಿಪಿ ಶೇ 20.1 ಏರಿಕೆ. ದಪ್ಪ ಅಕ್ಷರ. ಮೂರು ವರ್ಷಗಳ ಅದೇ ತ್ರೈಮಾಸಿಕದ ಅಂಕಿಗಳನ್ನು ಪಕ್ಕಪಕ್ಕ ಬರೆಸಿದೆ. 2019ರಲ್ಲಿ 35.66 ಲಕ್ಷ ಕೋಟಿ, ಲಾಕ್‌ಡೌನಿನ 2020ರಲ್ಲಿ 26.95, 2021ರಲ್ಲಿ 32.38. ನೂರು 76 ಆಗಿ, ಅಲ್ಲಿಂದ 91 ಆಗಿತ್ತು. ಇಪ್ಪತ್ತು ಏರಿದರೂ ಎರಡು ವರ್ಷದ ಹಿಂದಿನ ಮಟ್ಟ ಇನ್ನೂ ಮುಟ್ಟಿರಲಿಲ್ಲ. ಕುಸಿದ ವರ್ಷದಲ್ಲಿ ನೂರು ಇಟ್ಟರೆ ಯಾವ ಗೆರೆಯೂ ಚೆಂದ ಕಾಣುತ್ತದೆ. “ಆ ವರ್ಷ ನಮ್ಮ ಅಣ್ಣನ ಮಗ್ಗ ಸುಮ್ಮನ ಕುಂತಿತ್ರಿ” ಎಂದರು ಅಕ್ಕಾರು.

ಬಾಗಲಕೋಟೆಯವರಿಗೆ ಇದು ಬರೀ ಕಾಲೇಜಿನ ಲೆಕ್ಕವಲ್ಲ. ಹಳೇ ಊರು ಹಿನ್ನೀರಿಗೆ ಕೊಟ್ಟು ಬಂದವರು ನಾವು. ಕೃಷ್ಣಾ ಮೇಲ್ದಂಡೆ ಮೂರನೇ ಹಂತದ ಮುಳುಗಡೆ ಜಮೀನಿಗೆ ಎಕರೆಗೆ ನೀರಾವರಿಯದಾದರೆ 40 ಲಕ್ಷ, ಒಣಬೇಸಾಯದ್ದಾದರೆ 30 ಲಕ್ಷ ಎಂದು 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ತೀರ್ಮಾನಿಸಿತು. ರಿಸರ್ವ್ ಬ್ಯಾಂಕು ಗುರಿ ಇಟ್ಟುಕೊಂಡಿರುವ ಶೇ 4ರಷ್ಟೇ ಬೆಲೆ ಏರುತ್ತ ಹೋದರೂ, ಆ 40 ಲಕ್ಷ ಐದು ವರ್ಷ ತಡವಾಗಿ ಕೈಸೇರಿದರೆ ಇಂದಿನ ಲೆಕ್ಕದಲ್ಲಿ ಅದು 33 ಲಕ್ಷ ಕೂಡ ಅಲ್ಲ. ಆದೇಶದ ಅಂಕಿ ಒಂದಕ್ಷರ ಬದಲಾಗದೆ ಏಳು ಲಕ್ಷ ಕರಗಿರುತ್ತದೆ. ತಡವೂ ಒಂದು ಕಡಿತವೇ, ಅದನ್ನು ಎಣಿಸಿಯೇ ಕೇಳಬೇಕು.

ಆಮೇಲೆ ಮಾತು ಸೀರೆಗೇ ಬಂತು. ಇಳಕಲ್ ಸೀರೆಯ ಬೆಲೆಗೆ ಗೆರೆ ಎಳೆಯೋಣವೆಂದಳು ಹುಡುಗಿ. ಯಾವ ಸೀರೆ? ಎಂದು ಅವಳ ತಾಯಿಯೇ ಕೇಳಿದರು. ಕೈಮಗ್ಗದ್ದಾದರೆ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ಟೋಪ ತೆನಿ ಸೆರಗು ಬರುವುದು. ಅದೇ ನಮೂನೆಯನ್ನು ಪವರ್‌ಲೂಮಿನಲ್ಲಿ ಕೃತಕ ನೂಲಿನಿಂದ ತೆಗೆದರೆ ಸೋವಿ. ಎರಡನ್ನೂ ಒಂದೇ ಹೆಸರಿನಲ್ಲಿ ಕೂಡಿಸಿ ಸರಾಸರಿ ತೆಗೆದರೆ, ಸೀರೆ ಅಗ್ಗವಾಯಿತೆಂದು ಚಾರ್ಟು ತೋರಿಸುತ್ತದೆ. ಕೊಂಡಿ ಹಾಕುವವಳ ಕೂಲಿ ಅದರೊಳಗೆ ಕಾಣೆಯಾಗುತ್ತದೆ.

ಆ ಕೂಲಿಯನ್ನು ಎಣಿಸುವ ದಾರಿ ಹಳೆಯದೇ. ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಹೋದ, 1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಕಟ್ಟಿದ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರು 1931-32ರ ಬ್ರಿಟಿಷ್ ಭಾರತದ ವರಮಾನ ಲೆಕ್ಕ ಹಾಕಿದಾಗ, ಬೇಸಾಯಕ್ಕೆ ಬೆಳೆ ಎಣಿಸಿದರು, ಉಳಿದ ಕಸುಬುಗಳಿಗೆ ದುಡಿದವರ ಆದಾಯ ಎಣಿಸಿದರು. ನೇಕಾರರಿಗೂ ಆದಾಯದ ಎಣಿಕೆಯೇ ಬೇಕು. ಅದಕ್ಕೆ ದಾಖಲೆ ಬೇಕು, ಆ ದಾಖಲೆ ಇರುವುದು ಮನೆಗಳಲ್ಲೇ. ಅಕ್ಕಾರ ತವರಿನಲ್ಲಿ ಮಜೂರಿ ಬರೆದಿಟ್ಟ ಹಳೆಯ ವಹಿಗಳು ಇನ್ನೂ ಇವೆಯಂತೆ. ಹುಡುಗಿ ರಜೆಯಲ್ಲಿ ಹೋಗಿ ತರುತ್ತಾಳೆ. ತಾರೀಖು, ಸೀರೆಯ ನಮೂನೆ, ಕೊಟ್ಟ ಮಜೂರಿ, ಆ ವಾರದ ಜೋಳದ ಧಾರಣೆ, ಈ ನಾಲ್ಕು ಕಾಲಂ ಹಾಕಿಕೊಟ್ಟಿದ್ದೇನೆ. ಧಾರಣೆ ಎಪಿಎಂಸಿಯಲ್ಲಿ ಸಿಗುತ್ತದೆ. ಇಳಕಲ್ಲು, ಹುನಗುಂದ, ಗುಳೇದಗುಡ್ಡ, ಬದಾಮಿ ಕಡೆ ಯಾರ ಮನೆಯಲ್ಲಿ ಇಂಥ ವಹಿ ಇದ್ದರೂ ದಯಮಾಡಿ ರದ್ದಿಗೆ ಹಾಕಬೇಡಿ.